ಸೀರಿಯಲ್ ಆಂಬ್ಯುಲೆನ್ಸಿನ ಒಳಗ ಯಾರದಾರ?

ಹೋದ ರವಿವಾರ ಕಲಬುರಗಿಯೊಳಗ, ಸೂಪರ್ ಮಾರ್ಕೆಟ್ ಹತ್ರ ಒಂದು ಸಣ್ಣ ಹಾಲ್‌ನಾಗ ನಾ ಮಾತಾಡಿದ್ದು ಇದು. ಮೊಬೈಲ್‌ನಾಗ ರೆಕಾರ್ಡ್ ಆಗಿದ್ದನ್ನ ಕೇಳ್ಕೋತ ಬರ್ದೀನಿ. ಫ್ಯಾನಿನ ಸಪ್ಪಳ ಭಾಳ ಇತ್ತು, ಎಲ್ಲಿ ನನ್ನ ಮಾತು ನನಗೇ ಕೇಳ್ಸಿಲ್ಲ ಅಲ್ಲಿ ನೆನಪಿನ ಮ್ಯಾಲ ತುಂಬೀನಿ, ಸ್ಟೇಜ್ ಮ್ಯಾಲ ಹೇಳ್ಬೇಕಂದು ಮರ್ತಿದ್ದು ಒಂದೆರಡು ಮಾತೂ ಸೇರ್ಸೀನಿ.

ಎಲ್ಲಾರಿಗೂ ಶರಣು. ನನ್ನ ಕರ್ದವರು ಟಿವಿ ಮತ್ತ ಆರೋಗ್ಯ ಅಂತ ದೊಡ್ಡ ವಿಷಯ ಕೊಟ್ಟಾರ, ಆದ್ರ ನಾ ದೊಡ್ಡ ಮಾತು ಆಡಾಕಿ ಅಲ್ಲ. ಜಿಎನ್ಎಂ ನರ್ಸಿಂಗ್ ಓದಿ 9 ವರ್ಷ 108 ಗಾಡ್ಯಾಗ ಇಎಂಟಿ ಅಂತ ಕೆಲಸ ಮಾಡೀನಿ, ಈಗ ನರ್ಸಿಂಗ್ ಹುಡುಗ್ಯಾರಿಗಿ ಫಸ್ಟ್ ಏಡ್ ಕಲಿಸ್ತೀನಿ. ಇಎಂಟಿ ಅಂದ್ರ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್, ಹಳ್ಳಿ ಕಡಿ ಮಂದಿ ಸಿಸ್ಟರ್ ಅಂತಾರ, ಸಿಟ್ಟಿಗಿ ಬಂದ್ರ ಏ ಬಾಯಿ ಅಂತಾರ. ಗಾಡಿ ಹೊಡಿಯೋ ಅಣ್ಣಗ ನಾವು ಡ್ರೈವರ್ ಅನ್ನಂಗಿಲ್ಲ, ಪೈಲಟ್. ಕರ್ನಾಟಕದಾಗ ಈ ಸೇವಾ ಶುರು ಆಗಿದ್ದು 2008ರ ನವೆಂಬರ್ 1ಕ್ಕ, ರಾಜ್ಯೋತ್ಸವದ ದಿನ, ಆರೋಗ್ಯ ಕವಚ ಅಂತ ಹೆಸರಿಟ್ಟು. ಗಾಡ್ಯಾಗ ಇಬ್ರೇ ಇರ್ತೀವಿ, ಪೈಲಟ್ ಒಬ್ಬ, ನಾ ಒಬ್ಬಾಕಿ.

ನಮ್ಮ ಅತ್ತಿ ಸಂಜಿ 6 ಹೊಡೀತಂದ್ರ ಟಿವಿ ಮುಂದ ಕೂಡ್ತಾರ, 10ರ ತನಕ ಏಳಂಗಿಲ್ಲ. ನಾ ಡ್ಯೂಟಿ ಮುಗ್ಸಿ ಬಂದು ಬಾಜೂಕ ಕೂತ್ರ ಅವರಿಗಿ ಖುಷಿ. ಒಂದಿನ ಸೀರಿಯಲ್‌ನಾಗ ಯಾರಿಗೋ ಆಕ್ಸಿಡೆಂಟ್ ಆಯ್ತು, ಸೈರನ್ ಕೇಳ್ತು, ಅತ್ತಿ ನನ್ನ ಮೊಣಕಾಲಿಗಿ ತಟ್ಟಿ "ನೋಡವ್ವ, ನಿಮ್ಮ ಗಾಡಿ ಬಂತು" ಅಂದ್ರು. ನಾನೂ ಭಾಳ ಹೌಸಿಯಿಂದ ನೋಡ್ದೆ. ಬಿಳಿ ಅಂಗಿ ಹಾಕ್ಕೊಂಡಿದ್ದ ಇಬ್ರು ಸ್ಟ್ರೆಚರ್ ಇಳ್ಸಿದ್ರು, ಹೀರೋನ್ನ ಮಲಗ್ಸಿದ್ರು, ಬಾಗ್ಲಾ ಹಾಕಿದ್ರು. ಒಳಗ ಹೀರೋಯಿನ್ ಒಬ್ಬಾಕಿನೇ ಅವನ ಕೈ ಹಿಡ್ಕೊಂಡು ಕೂತು ಅಳ್ಲಕತ್ತಾಳ, ಹಿಂದ ಹಾಡು. ಆ ಇಬ್ರೂ ಎಲ್ಲಿ ಹೋದ್ರು? ಮುಂದ ಕೂತಿರಬೇಕು. ಹಂಗಾದ್ರ ಪೇಶಂಟ್ ಹತ್ರ ಯಾರದಾರ? ಯಾರೂ ಇಲ್ಲ! ಅತ್ತಿಗಿ ಕೇಳ್ದೆ, "ಅತ್ತಿ, ನನ್ನ ಜಾಗಾದಾಗ ಈಕಿ ಕೂತಾಳಲ್ರಿ." ಅತ್ತಿ ಅಂದ್ರು, "ಈಕಿ ಅವನ ಹೆಂಡ್ತಿ ಇದ್ದಾಳ, ನೀ ಅಲ್ಲೇನ್ ಮಾಡ್ತಿ?"

ಆವತ್ತಿಂದ ನನಗ ಇದೊಂದು ಚಟ ಆಗ್ಯಾದ. ಯಾವ ಸೀರಿಯಲ್‌ನಾಗ ಆಂಬ್ಯುಲೆನ್ಸ್ ಬಂದ್ರೂ ಒಳಗ ಯಾರದಾರ ಅಂತ ಹಣಕಿ ನೋಡ್ತೀನಿ. ನಾ ನೋಡಿದ್ರಾಗಂತೂ ಆಂಬ್ಯುಲೆನ್ಸ್‌ನವರು ಬಾಯಿ ಬಿಟ್ಟಿದ್ದು ಒಂದೇ ಸಲ, "ಜಲ್ದಿ ಮಾಡ್ರಿ" ಅಂದ ಒಬ್ಬ, ಅಷ್ಟೇ, ಅವನ ಮಾರಿನೂ ತೋರ್ಸಿಲ್ಲ. ಹೆಣ್ಮಗಳು ಇಎಂಟಿ ಇದ್ದಿದ್ದು ನೋಡೇ ಇಲ್ಲ. ಟಿವಿಯವರು ತಪ್ಪು ತೋರ್ಸ್ತಾರ ಅಂತ ಎಲ್ಲಾ ಡಾಕ್ಟರೂ ಬೈತಾರ, ಆ ತಪ್ಪಿನ ಪಟ್ಟಿ ನನ್ನ ಹತ್ರನೂ ಅದ. ಸ್ಟೆತಸ್ಕೋಪ್ ಉಲ್ಟಾ ಹಾಕ್ಕೊಂಡಿರೋದು, ಆಕ್ಸಿಜನ್ ಮಾಸ್ಕ್ ಮಾರಿಗಿ ಅದ ಆದ್ರ ಪೈಪ್ ಎಲ್ಲಿಗೂ ಜೋಡ್ಸಿಲ್ಲ, ಕಾಲಿಗಿ ಪೆಟ್ಟಾಗಿದ್ರೂ ತಲಿಗಿ ಪಟ್ಟಿ, ಪಟ್ಟಿ ಮ್ಯಾಲ ಕುಂಕುಮದಂಗ ಒಂದು ದುಂಡ ಕೆಂಪು. ಸೋಮವಾರ ಹೊಂಟ ಆಂಬ್ಯುಲೆನ್ಸ್ ಶುಕ್ರವಾರ ದವಾಖಾನಿ ಮುಟ್ತದ. ಇವೆಲ್ಲಾ ನಕ್ಕು ಬಿಡೋ ತಪ್ಪು. ನನ್ನ ತಕರಾರು ಬ್ಯಾರೆ ಅದ. ಪೇಶಂಟ್ ಬಿದ್ದ ಜಾಗಾಕ್ಕೂ ದವಾಖಾನಿ ಬಾಗ್ಲಕ್ಕೂ ನಡುವ ಏನ್ ನಡೀತದೋ ಅದನ್ನ ಅವರು ಹಾಡು ಹಾಕಿ ಮುಚ್ಚಿಬಿಡ್ತಾರ, ನಮ್ಮ ನೌಕ್ರಿ ಪೂರಾ ಇರೋದೇ ಅಲ್ಲಿ.

ಫೋನಿನಿಂದ ಶುರು ಮಾಡ್ತೀನಿ. ಸೀರಿಯಲ್‌ನಾಗ ಯಾರೋ "ಆಂಬ್ಯುಲೆನ್ಸ್‌ಗೆ ಫೋನ್ ಮಾಡೀ" ಅಂತ ಚೀರ್ತಾರ, ಮುಂದಿನ ಶಾಟ್‌ನಾಗ ಗಾಡಿ ಬಂದು ನಿಂತಿರ್ತದ. ಅಡ್ರೆಸ್ ಯಾರು ಹೇಳಿದ್ರು? ಖರೇ ಜೀವನದಾಗ ನೀವು 108 ಒತ್ತಿದ್ರ ಫೋನ್ ಎತ್ತೋರು ಎಲ್ಲೋ ದೂರದ ಕಾಲ್ ಸೆಂಟರ್‌ನಾಗ ಕೂತಿರ್ತಾರ. ಏನಾಗ್ಯಾದ, ಎಷ್ಟು ಮಂದಿಗಿ ಆಗ್ಯಾದ, ಯಾವ ಜಿಲ್ಲಾ, ಯಾವ ತಾಲೂಕು, ಯಾವ ಊರು, ಹತ್ರ ಏನದ ಅಂತ ಕೇಳ್ತಾರ. ನಮ್ಮ ಮಂದಿಗಿ ಇದು ಕೇಳಿದ್ರ ಸಿಟ್ಟು ಬರ್ತದ, ಟಿವಿಯೊಳಗ ಹಿಂಗ ಕೇಳೋದು ನೋಡಿಲ್ಲಲ್ಲ. "ಮೊದ್ಲು ಗಾಡಿ ಕಳ್ಸ್ರಿ, ಆಮ್ಯಾಲ ಕೇಳ್ರಿ" ಅಂತ ಬೈದು ಇಟ್ಟುಬಿಡ್ತಾರ. ಇನ್ನ ಅಡ್ರೆಸ್ ಹೇಳೋದಂತೂ ಕೇಳಬ್ಯಾಡ್ರಿ. ಹನುಮಪ್ಪನ ಗುಡಿ ಹತ್ರ ಅಂತಾರ. ಕಲಬುರಗಿ ಜಿಲ್ಲಾದಾಗ ಹನುಮಪ್ಪನ ಗುಡಿ ಇಲ್ಲದ ಊರು ಯಾವುದದ ಹೇಳ್ರಿ ನೋಡಮು. ಒಂದು ಊರಾಗೇ ಎರಡು ಇರ್ತಾವ. ಚಿಂಚೋಳಿ ಕಡಿ ತಾಂಡಾಗಳಿಗಿ ಮಂದಿ ಕರಿಯೋ ಹೆಸರು ಒಂದು, ಬೋರ್ಡಿನ ಮ್ಯಾಲಿನ ಹೆಸರು ಇನ್ನೊಂದು.

ಒಂದು ರಾತ್ರಿ ಸೇಡಂ ರೋಡಿಗಿ ಕಾಲ್ ಬಂತು, "ಎದಿ ನೋವು, ಮುತ್ಯಾ, ಹನುಮಪ್ಪನ ಗುಡಿ ಹಿಂದ". ಊರೊಳಗ ಹೋದ್ವಿ, ಗುಡಿ ಸಿಕ್ತು, ಹಿಂದ ದನದ ಕೊಟ್ಟಿಗಿ. ಮತ್ತ ಫೋನ್ ಹಚ್ಚಿದ್ರ ಆ ಹುಡುಗ "ಆ ಗುಡಿ ಅಲ್ರಿ, ಹಳೇ ಊರಿನ ಗುಡಿ" ಅಂದ. ಹಳೇ ಊರಿಗಿ ಹೋಗೋ ದಾರ್ಯಾಗ ಯಾರದೋ ಲಗ್ನದ ಪೆಂಡಾಲ್, ಅಡ್ಡ ಕಂಬ ಹುಗದಾರ. ಪೈಲಟ್ ಅಣ್ಣ ಇಳಿದು ಹೋಗಿ ಅಡಿಗಿ ಮಾಡೋರ್ನ ಎಬ್ಬಿಸಿ, ಎರಡು ಕಂಬ ಕಿತ್ತಿಸಿ, ಕನ್ನಡಿ ಮಡ್ಚಿ ಗಾಡಿ ದಾಟಿಸ್ದ. ಮುತ್ಯಾ ಕಟ್ಟಿ ಮ್ಯಾಲ ಕೂತಿದ್ದ, ಬೆವರು ಹನಿ ಹನಿ, ನಮ್ಮ ನೋಡಿದ್ದೇ "ಚಹಾ ಕುಡೀರಿ" ಅಂದ. ಎದಿ ನೋವು ಇಟ್ಕೊಂಡು ಚಹಾ ಕೇಳ್ತಾನ! ಇದನ್ನ ಯಾರಾದ್ರೂ ಸೀರಿಯಲ್‌ನಾಗ ತೋರ್ಸಿದ್ರ ನಮ್ಮ ಅತ್ತಿ ಎದ್ದು ಅಡಿಗಿ ಮನಿಗೂ ಹೋಗಂಗಿಲ್ಲ, ಅಷ್ಟು ಚೊಲೋ ಕಥಿ ಇದು. ಎಂಟರ್‌ಟೈನ್‌ಮೆಂಟ್ ಸಲುವಾಗಿ ಸುಳ್ಳು ಬೇಕೇ ಬೇಕು ಅನ್ನೋರಿಗಿ ನಾ ಈ ಪೆಂಡಾಲ್ ತೋರಿಸ್ತೀನಿ.

ಇನ್ನ ಕರೆಂಟ್ ಶಾಕ್ ವಿಷಯ. ಇದನ್ನ ನಾ ನಗ್ಕೋತ ಹೇಳ್ಲಾಕ ಆಗಲ್ಲ.

ದರ್ಗಾ ಕಡಿ ಒಂದು ಗಲ್ಲಿ, ಗಾಡಿ ಒಳಗ ಹೋಗಂಗಿಲ್ಲ, ಬ್ಯಾಗ್ ಹೊತ್ತು ಓಡಿ ಮ್ಯಾಲಿನ ಮಾಳಗಿಗಿ ಹೋದೆ. 60 ದಾಟಿದ ಹಿರಿಯರು, ನೆಲದ ಮ್ಯಾಲ ಬಿದ್ದಾರ, ಉಸಿರಿಲ್ಲ, ನಾಡಿ ಇಲ್ಲ. ಯಾವಾಗ ಬಿದ್ದ್ರು ಅಂದ್ರ ಒಬ್ರು 10 ನಿಮಿಷ ಅಂತಾರ, ಇನ್ನೊಬ್ರು ಅರ್ಧ ತಾಸು. ಎದಿ ಒತ್ತಲಾಕ ಶುರು ಮಾಡ್ದೆ, ಪೈಲಟ್ ಅಣ್ಣ ಎಇಡಿ, ಅಂದ್ರ ಎದಿಗಿ ಕರೆಂಟ್ ಶಾಕ್ ಕೊಡೋ ಮಶೀನ್ ಹಚ್ಚಿದ. ಈ ಮಶೀನ್ ತಾನೇ ಎದಿ ತಾಳ ನೋಡಿ ತಾನೇ ಮಾತಾಡ್ತದ, ಆದ್ರ ಇಂಗ್ಲಿಷ್‌ನಾಗ. "ನೋ ಶಾಕ್ ಅಡ್ವೈಸ್ಡ್" ಅಂತು. ಶಾಕ್ ಬ್ಯಾಡ, ಒತ್ತೋದು ಮುಂದುವರ್ಸ್ರಿ ಅಂತ ಅರ್ಥ. ಮಗನಿಗಿ ಆ ಮಾತಿನ್ಯಾಗ ತಿಳದಿದ್ದು ಶಾಕ್ ಅನ್ನೋದು ಒಂದೇ. "ಶಾಕ್ ದೇವ್ ಜೀ, ಮಶೀನ್ ಬೋಲ್ರೈ ನಾ!" ಅಂತ ನನ್ನ ಭುಜ ಹಿಡ್ದು ಅಳ್ಲಕತ್ತಾನ. ನಾ ಒತ್ತಕೋತನೇ "ಬೇಟಾ, ಮಶೀನ್ ಬ್ಯಾಡ ಅಂತದ" ಅಂದೆ. ಎರಡು ನಿಮಿಷಕ್ಕೊಮ್ಮಿ ಮಶೀನ್ ಮತ್ತ ಅದನ್ನೇ ಹೇಳ್ತದ, ಅವ ಮತ್ತ ಅದನ್ನೇ ಕೇಳ್ತಾನ. ಒತ್ಕೋತನೇ ದವಾಖಾನಿಗಿ ಮುಟ್ಸಿದ್ವಿ, ಹಿರಿಯರು ಉಳೀಲಿಲ್ಲ. ಹೊರಗ ಬಂದಾಗ ಅವ ನನ್ನ ಬೈಲಿಲ್ಲ, ಬೈದಿದ್ರ ಚೊಲೋ ಇತ್ತು. ಸುಮ್ನ ನಿಂತು "ಕರೆಂಟ್ ಕೊಟ್ಟಿದ್ರ ಉಳೀತಿದ್ರು ಅಲ್ಲಾ ಸಿಸ್ಟರ್?" ಅಂದ.

ಟಿವಿಯೊಳಗ ಮಾನಿಟರ್ ಮ್ಯಾಲ ಗೆರಿ ಸಪಾಟ್ ಆಗ್ತದ, ಟೀ ಅಂತ ಸಪ್ಪಳ, ಡಾಕ್ಟರ್ ಎರಡು ಇಸ್ತ್ರಿಪೆಟ್ಟಿಗಿ ಥರದ್ದು ತಿಕ್ಕಿ ಎದಿಗಿ ಒತ್ತ್ತಾನ, ಪೇಶಂಟ್ ಗೇಣುದ್ದ ಮ್ಯಾಲ ಹಾರ್ತಾನ, ಗೆರಿ ಕುಣೀಲಾಕ ಶುರು. ಈ ಗೆರಿ ಸಪಾಟ್ ಆದ್ಮ್ಯಾಲ ಶಾಕ್ ಕೆಲಸಕ್ಕ ಬರಂಗೇ ಇಲ್ಲ. ಶಾಕ್ ಇರೋದು ಹೃದಯ ತಾಳ ತಪ್ಪಿ ಗಡಗಡ ನಡುಗ್ತಿರ್ತದಲ್ಲ, ಅದನ್ನ ಒಂದು ಗಳಿಗಿ ನಿಲ್ಲಿಸ್ಲಾಕ, ನಿಂತ ಮ್ಯಾಲ ಅದು ತಾನೇ ಸರಿ ತಾಳಕ್ಕ ಬರ್ಲಿ ಅಂತ. ಮೊದ್ಲೇ ನಿಂತಿದ್ದಕ್ಕ ಮತ್ತೇನ್ ನಿಲ್ಲಿಸ್ತೀರಿ? ಅಲ್ಲಿ ಎದಿ ಒತ್ತೋದು ಮತ್ತ ಔಷಧ, ಅಷ್ಟೇ. ಆ ಹುಡುಗ ತನ್ನ ಅಪ್ಪನ ಸಾವಿಗಿ ನಾ ಕೊಡದ ಕರೆಂಟೇ ಕಾರಣ ಅಂತ ಇವತ್ತಿಗೂ ಅನ್ಕೊಂಡಿರಬಹುದು. ಅವಗ ಇದನ್ನ ಕಲ್ಸಿದ್ದು ಯಾರು ಅಂತ ನಾ ಬಿಡಿಸಿ ಹೇಳ್ಬೇಕಿಲ್ಲ.

ಇದನ್ನ ಎಣಿಸಿ ನೋಡಿದವರೂ ಅದಾರ. 1996ರಾಗ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಾಗ ಒಂದು ಲೇಖನ ಬಂತು. ಇಆರ್, ಶಿಕಾಗೋ ಹೋಪ್, ರೆಸ್ಕ್ಯೂ 911 ಅಂತ ಮೂರು ಶೋ, ಒಟ್ಟು 97 ಎಪಿಸೋಡ್ ಕೂತು ನೋಡಿ ಸಿಪಿಆರ್, ಅಂದ್ರ ಎದಿ ಒತ್ತಿ ಜೀವ ಉಳಿಸೋ ಕೆಲಸ, ಮಾಡಿದ್ದು ಎಷ್ಟು ಸಲ ಅಂತ ಲೆಕ್ಕಾ ಹಾಕಿದ್ರು, 60 ಸಲ ಬಂತು. ಅದ್ರಾಗ 75 ಪರ್ಸೆಂಟ್ ಮಂದಿಗಿ ಆ ಕ್ಷಣಕ್ಕ ಜೀವ ಬಂತು, 67 ಪರ್ಸೆಂಟ್ ದವಾಖಾನಿಯಿಂದ ಮನಿಗಿ ಹೋದಂಗ ತೋರ್ಸ್ಯಾರ. ಖರೇ ಲೆಕ್ಕಾ ಏನದ? ದವಾಖಾನಿ ಹೊರಗ ಹೃದಯ ನಿಂತವರು ಎಲ್ಲಾ ಸೌಲತ್ತು ಇರೋ ಅಮೆರಿಕದಾಗೇ ನೂರಕ್ಕ ಸುಮಾರು 10 ಮಂದಿ ಉಳೀತಾರ. ಎದಿ ಒತ್ತೋದು ವ್ಯರ್ಥ ಅಂತ ನಾ ಹೇಳ್ಲಕತ್ತಿಲ್ಲ ಮತ್ತ, ಉಲ್ಟಾ ತಿಳ್ಕೋಬ್ಯಾಡ್ರಿ. ಆ ಹತ್ತು ಮಂದಿ ಉಳಿಯೋದೇ ಬಾಜೂಕ ಇದ್ದವ ತಡ ಮಾಡದೇ ಕೈ ಹಾಕಿದ್ರ. ನಾವು ಬಂದು ಮುಟ್ಟೋ ತನಕ ಕಾಯಬ್ಯಾಡ್ರಿ, ನಿಮಿಷಕ್ಕ 100 ರಿಂದ 120, ಎದಿ ನಟ್ಟನಡುವ, 5 ಸೆಂಟಿಮೀಟರ್ ಕೆಳಗ ಹೋಗಂಗ ಒತ್ರಿ, ಪ್ರತಿ ಸಲ ಪೂರಾ ಮ್ಯಾಲ ಬಿಡ್ರಿ. ಪಕ್ಕೆಲುಬು ಮುರೀಬಹುದು. ಮುರಿದ್ರ ಮುರೀಲಿ. ಟಿವಿಯೊಳಗ ಮೊಣಕೈ ಮಡ್ಚಿ ಹಿಟ್ಟು ನಾದಿದಂಗ ಮಾಡ್ತಾರ, ಅದ್ರಾಗ ಅವರದು ತಪ್ಪಿಲ್ಲ, ಜೀವಂತ ಮನಷ್ಯಾನ ಎದಿ ಖರೇ ಖರೇ ಒತ್ತಿದ್ರ ಆ ಆಕ್ಟರ್ನ ನಮ್ಮ ಗಾಡ್ಯಾಗೇ ಒಯ್ಯಬೇಕಾಗ್ತದ.

ಸೀರಿಯಲ್‌ನವರ ಕಡಿಂದನೂ ಒಂದು ಮಾತು ಹೇಳ್ಬೇಕು, ಇಲ್ಲಾಂದ್ರ ನಾ ಬರೇ ಬೈಲಾಕ ಬಂದಂಗ ಆಗ್ತದ. ದಿನಾ ಅರ್ಧ ತಾಸಿನ ಎಪಿಸೋಡ್, ಜಾಹೀರಾತು ತೆಗದ್ರ 20-22 ನಿಮಿಷ, ವಾರಕ್ಕ ಐದಾರು. ಇವತ್ತು ಬರ್ದಿದ್ದು ನಾಳಿ ಶೂಟಿಂಗ್. ಆಂಬ್ಯುಲೆನ್ಸ್ ಬಾಡಿಗಿಗಿ ತರ್ಬೇಕು, ಓಡೋ ಗಾಡಿ ಒಳಗ ಕ್ಯಾಮೆರಾ ಇಡ್ಲಾಕ ಜಾಗಾ ಇಲ್ಲ, ಲೈಟ್ ಇಲ್ಲ. ಒಂದು ಮಂಚ, ಒಂದು ಹಸಿರು ಪರದಾ, ಒಂದು ಮಾನಿಟರ್ ಇದ್ರ ದವಾಖಾನಿ ಸೆಟ್ ಆಯ್ತು, ಅಗ್ಗ. ಮಾಸ್ಕ್ ಹಾಕಿದ್ರ ಹೀರೋಯಿನ್ ಮಾರಿ ಕಾಣಂಗಿಲ್ಲ, ಕುತ್ತಿಗಿಗಿ ಕಾಲರ್ ಹಾಕಿದ್ರ ಮಂಗಳಸೂತ್ರ ಕಾಣಂಗಿಲ್ಲ. ನಗಬ್ಯಾಡ್ರಿ, ಸೀರಿಯಲ್‌ನಾಗ ಮಂಗಳಸೂತ್ರ ದೊಡ್ಡ ಪಾತ್ರಧಾರಿ. ನೋಡೋರೂ ಸಿಪಿಆರ್ ಕಲೀಲಾಕ ಟಿವಿ ಹಚ್ಚಂಗಿಲ್ಲ, ದಿನದ ದಣಿವು ಕಳ್ಕೋಲಾಕ ಹಚ್ತಾರ. ಇದೆಲ್ಲಾ ಒಪ್ತೀನಿ.

ಒಪ್ಪಲಾರದ್ದು ಒಂದದ, ಅದು ಪೊಲೀಸ್ ಕೇಸ್ ಡೈಲಾಗು. "ಇದು ಪೊಲೀಸ್ ಕೇಸು, ಮೊದಲು ಕಂಪ್ಲೇಂಟ್ ಆಗಲಿ, ಆಮೇಲೆ ಟ್ರೀಟ್‌ಮೆಂಟ್" ಅಂತ ಡಾಕ್ಟರ್ ಹೇಳೋದು. ಎಷ್ಟು ವರ್ಷದಿಂದ ಕೇಳ್ಲಕತ್ತೀವಿ ಇದನ್ನ! ಮೊದಲು ಜೀವ ಉಳಿಸ್ರಿ, ಕಾಗದ ಆಮ್ಯಾಲ ಅಂತ ಸುಪ್ರೀಂ ಕೋರ್ಟ್ 1989ರಾಗೇ ಪರಮಾನಂದ ಕಟಾರಾ ಕೇಸಿನ್ಯಾಗ ಹೇಳಿಬಿಟ್ಟದ. ಗಾಯಾಳುಗೆ ಸಹಾಯ ಮಾಡಿದವಗ ಕಾಟ ಕೊಡಬಾರದು ಅನ್ನೋ ಮಾರ್ಗಸೂಚಿಗೆ ಅದೇ ಕೋರ್ಟ್ 2016ರಾಗ ಬಲ ಕೊಟ್ಟದ. 2019ರಾಗ ಮೋಟಾರು ವಾಹನ ಕಾಯ್ದೆದಾಗ 134ಎ ಅಂತ ಕಲಮೇ ಬಂದದ, ನೀವು ದವಾಖಾನಿಗಿ ಮುಟ್ಸಿ ಹೆಸರು ಹೇಳದೇ ಹೋಗಬಹುದು. ಕಾಯ್ದೆ ಬದಲಾಗ್ಯಾದ, ಡೈಲಾಗ್ ಬದಲಾಗಿಲ್ಲ. ಜೇವರ್ಗಿ ರೋಡಿನ್ಯಾಗ ಒಂದು ಬೈಕ್ ಆಕ್ಸಿಡೆಂಟಿಗಿ ನಾವು ಹೋದಾಗ ಸುತ್ತ ಮೂವತ್ತು ನಲವತ್ತು ಮಂದಿ, ಅರ್ಧ ಮಂದಿ ವಿಡಿಯೋ ತೆಗೀಲಕತ್ತಾರ, ಹುಡುಗನ ತೊಡಿಯಿಂದ ರಕ್ತ ಹರೀಲಕತ್ತದ, ಒಬ್ಬನೂ ಒಂದು ಟವೆಲ್ ಒತ್ತಿ ಹಿಡಿದಿಲ್ಲ. ಹೆಗಲ ಮ್ಯಾಲ ಟವೆಲ್ ಇದ್ದ ಕಾಕಾಗ "ಯಾಕ್ರಿ ಕಾಕಾ, ಅದನ್ನ ಒತ್ತಿ ಹಿಡೀಬೇಕಿಲ್ರಿ?" ಅಂದೆ. "ಪೊಲೀಸ್ ಕೇಸ್ ಆಗ್ತದಲ್ಲವ್ವ, ಟಿವಿಯೊಳಗ ನೋಡಿಲ್ಲೇನು" ಅಂದ. ಕೆಟ್ಟವ ಅಲ್ಲ ಅವ, ಆಮ್ಯಾಲ ಸ್ಟ್ರೆಚರ್ ಎತ್ಲಾಕ ಮೊದ್ಲು ಬಂದವನೂ ಅವನೇ.

ಟಿವಿಯಿಂದ ಕೆಟ್ಟದ್ದೇ ಆಗ್ತದ ಅಂತ ತಿಳೀಬ್ಯಾಡ್ರಿ, ಒಂದು ಹಳೇ ಕಥಿ ಹೇಳ್ತೀನಿ. ಅಮೆರಿಕದಾಗ 1960ರ ದಶಕದಾಗ ಆಂಬ್ಯುಲೆನ್ಸ್ ಅಂದ್ರ ಏನಿತ್ತು ಗೊತ್ತದೇನು? ಸುಮಾರು ಅರ್ಧ ಸರ್ವಿಸ್ ನಡೆಸ್ತಿದ್ದವರು ಹೆಣದ ಸಂಸ್ಕಾರ ಮಾಡೋ ಕಂಪನಿಯವರು, ಯಾಕಂದ್ರ ಮಲಗ್ಸಿ ಒಯ್ಯೋ ಉದ್ದನ್ನ ಗಾಡಿ ಅವರ ಹತ್ರನೇ ಇತ್ತು. ಉಳಿದ್ರ ದವಾಖಾನಿಗಿ, ಇಲ್ಲಾಂದ್ರ ಗಾಡಿ ಅದೇ! ಪಿಟ್ಸ್‌ಬರ್ಗ್ ಅನ್ನೋ ಊರಾಗ 1967ರಾಗ ಫ್ರೀಡಂ ಹೌಸ್ ಅಂತ ಒಂದು ಆಂಬ್ಯುಲೆನ್ಸ್ ಸೇವಾ ಶುರು ಆಯ್ತು, ಹಿಲ್ ಡಿಸ್ಟ್ರಿಕ್ಟ್ ಅನ್ನೋ ಬಡ ಓಣಿಯ ಕಪ್ಪು ಹುಡುಗರು, ಅವರಿಗಿ ನೌಕ್ರಿ ಸಿಗ್ತಿರಲಿಲ್ಲ, ಅವರಿಗೇ ಡಾಕ್ಟರ್ ಪೀಟರ್ ಸಫರ್ ಟ್ರೇನಿಂಗ್ ಕೊಟ್ರು. ಇವತ್ತು ನಾವು ಕಲ್ಸೋ ಸಿಪಿಆರ್‌ಗೆ ಬುನಾದಿ ಹಾಕಿದವರಾಗ ಸಫರ್ ಒಬ್ರು. ರೋಡಿನ ಮ್ಯಾಲೇ ಚಿಕಿತ್ಸಾ ಶುರು ಮಾಡ್ಬಹುದು ಅಂತ ಆ ಹುಡುಗರು ತೋರ್ಸಿ ಕೊಟ್ರು. ಆದ್ರ 1975ರಾಗ ಊರಿನ ಆಡಳಿತ ಅದನ್ನ ಬಂದ್ ಮಾಡ್ತು, ಮಂದಿ ಮರ್ತೂ ಬಿಟ್ರು, ಯಾಕಂದ್ರ ಅವರ ಮ್ಯಾಲ ಯಾರೂ ಸೀರಿಯಲ್ ಮಾಡ್ಲಿಲ್ಲ.

ಸೀರಿಯಲ್ ಬಂದಿದ್ದು ಲಾಸ್ ಏಂಜಲೀಸ್‌ನವರ ಮ್ಯಾಲ. 1972ರ ಜನವರಿಯೊಳಗ ಎಮರ್ಜೆನ್ಸಿ ಅಂತ ಎನ್‌ಬಿಸಿ ಚಾನಲ್‌ನಾಗ ಶುರು ಆಯ್ತು, 1977ರ ತನಕ ವಾರ ವಾರ ನಡೀತು. ಗೇಜ್, ಡಿಸೋಟೋ ಅಂತ ಇಬ್ರು ಪ್ಯಾರಾಮೆಡಿಕ್, ಅಂದ್ರ ನಮ್ಮ ಇಎಂಟಿ ಥರದವರು, ಕೆಂಪು ಗಾಡಿ, ಸ್ಕ್ವಾಡ್ 51. ನೋಡ್ರಿ, ನನಗ ಹೆಸರು ಹೇಳ್ಲಾಕ ಬಂತು, ಯಾಕಂದ್ರ ಆ ಪಾತ್ರಗಳಿಗಿ ಹೆಸರಿದ್ದವು! ಮೊದಲನೇ ಕಥಿನೇ ಪ್ಯಾರಾಮೆಡಿಕ್ ಕಾಯ್ದೆ ಬೇಕೋ ಬ್ಯಾಡೋ ಅನ್ನೋ ಜಗಳದ್ದು, ಆ ಕಾಯ್ದೆ ಖರೇನೂ ಕ್ಯಾಲಿಫೋರ್ನಿಯಾದಾಗ 1970ರಾಗ ಆಗಿತ್ತು. ಫೈರ್ ಎಂಜಿನ್ ಹೊಡಿತಿದ್ದವ ಖರೇ ಫೈರ್‌ಮನ್, ಮೈಕ್ ಸ್ಟೋಕರ್ ಅಂತ, ತನ್ನ ಹೆಸರಿನ್ಯಾಗೇ ಪಾತ್ರ ಮಾಡಿದ. ಅವರು ಫೋನ್ ಪೆಟ್ಟಿಗಿ ತೆಗೆದು ದವಾಖಾನಿ ಡಾಕ್ಟರಿಗಿ ಬಿಪಿ ಹೇಳಿ, ಅಲ್ಲಿಂದ ಹುಕುಂ ಬಂದ ಮ್ಯಾಲೇ ಸಲೈನ್ ಹಚ್ತಿದ್ರು. ನಮ್ಮ ಕೆಲಸನೂ ಹಂಗೇ, ಔಷಧ ಕೊಡೂ ಮೊದ್ಲು ಫೋನಿನ್ಯಾಗ ಡಾಕ್ಟರ್ನ ಕೇಳ್ತೀವಿ. ಅದ್ರಾಗೂ ಮಸಾಲಿ ಇತ್ತು ಬಿಡ್ರಿ, ಪೇಶಂಟ್‌ಗಳು ಉಳ್ಕೊಳ್ಳೋದೇ ಜಾಸ್ತಿ, ಮರದ ಮ್ಯಾಲ ಸಿಕ್ಕಿಬಿದ್ದವ, ಕೊಳವಿಯೊಳಗ ಕೈ ಸಿಕ್ಕವ, ಎಲ್ಲಾ. ಆದ್ರ ಅದನ್ನ ನೋಡಿದ ಮಂದಿ ತಮ್ಮ ತಮ್ಮ ಊರಾಗ ನಮಗ್ಯಾಕ ಇಂಥದ್ದಿಲ್ಲ ಅಂತ ಕೇಳ್ಲಾಕ ಶುರು ಮಾಡಿದ್ರು, ಅದನ್ನ ನೋಡೇ ಈ ಕೆಲಸಕ್ಕ ಸೇರಿದ ಹುಡುಗರು ಎಷ್ಟೋ. ನಮ್ಮ ಕಡಿ ಸೇವಾ ಮೊದ್ಲು ಬಂತು, ಕಥಿ ಇನ್ನೂ ಬಂದಿಲ್ಲ.

2025ರಾಗ ದ ಪಿಟ್ ಅಂತ ಒಂದು ಸೀರೀಸ್ ಬಂದದ, ಅದೂ ಪಿಟ್ಸ್‌ಬರ್ಗ್ ಕಥಿನೇ. ಎಮರ್ಜೆನ್ಸಿ ವಾರ್ಡಿನ ಒಂದು ಶಿಫ್ಟ್, 15 ಎಪಿಸೋಡ್, ಒಂದೊಂದು ಎಪಿಸೋಡ್ ಒಂದೊಂದು ತಾಸು. ಅದ್ರಾಗ ಫ್ರೀಡಂ ಹೌಸ್‌ನಾಗ ಕೆಲಸ ಮಾಡಿದ ಒಬ್ಬ ಮುತ್ಯಾ ಪೇಶಂಟ್ ಆಗಿ ಬರ್ತಾನ. 50 ವರ್ಷ ಆದ್ಮ್ಯಾಲ ಟಿವಿ ಅವರನ್ನ ನೆನಪು ಮಾಡ್ಕೊಂತು. ಆ ಸೀರೀಸ್‌ಗೆ ಎಮ್ಮಿ ಅಂತ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿನೂ ಬಂತು. ಕ್ಯೂದಾಗ ಕಾಯೋದು, ಮಂಚ ಖಾಲಿ ಇಲ್ಲ, ಉಚ್ಚಿ ಹೊಯ್ಯಲಾಕೂ ಟೈಮ್ ಸಿಗದ ಡಾಕ್ಟರ್, ಇದೆಲ್ಲಾ ಬೋರ್ ಅಂತ ತೆಗೆದು ಹಾಕ್ತಿದ್ರಲ್ಲ, ಅದನ್ನೇ ಮಂದಿ ಉಸಿರು ಬಿಗಿ ಹಿಡ್ದು ನೋಡ್ಯಾರ.

ಕರೋನಾ ಟೈಮಿಂದು ಜರಾ ಹೇಳಿ ಮುಂದ ಹೋಗ್ತೀನಿ. ದೇಶದ ಮೊದಲನೇ ಕೋವಿಡ್ ಸಾವು ನಮ್ಮ ಕಲಬುರಗಿದೇ, 2020ರ ಮಾರ್ಚ್ 10. ಆಮ್ಯಾಲ ಏಪ್ರಿಲ್, ಮೇ ಬಿಸಿಲಿನ್ಯಾಗ ನಾವು ಪ್ಲಾಸ್ಟಿಕ್ ಸೂಟ್ ಹಾಕ್ಕೊಂಡು ಗಾಡ್ಯಾಗ ಕೂತ್ರ ಗ್ಲೌಸಿನ ಬೆರಳಿನ್ಯಾಗ ಬೆವರು ತುಂಬಿ ಚಳಕ್ ಚಳಕ್ ಅಂತಿತ್ತು. ಟಿವಿಯೊಳಗ ನಮ್ಮನ್ನ ಯೋಧರು ಮಾಡಿದ್ರು, ಕೈ ಮುಗಿದ್ರು, ಹಾಡು ಹಾಕಿದ್ರು. ನಮ್ಮನ್ನ ದೇವ್ರು ಮಾಡಿದ್ರೂ ಆಡ್ಲಾಕ ಒಂದು ಡೈಲಾಗ್ ಕೊಡಂಗಿಲ್ಲ, ಕೂಲಿ ಮಾಡಿದ್ರೂ ಕೊಡಂಗಿಲ್ಲ, ಎರಡೂ ಒಂದೇ ಲೆಕ್ಕಾ.

ಹಾವಿನ ವಿಷಯ ನಮ್ಮ ಭಾಗಕ್ಕ ಬೇಕೇ ಬೇಕು. ಸೀರಿಯಲ್‌ನಾಗ ಹಾವು ಕಡಿದ್ರ ತುಟಿ ನೀಲಿ, ಬಾಯಾಗ ನೊರಿ, ಹೀರೋ ಬಾಯಿ ಹಚ್ಚಿ ವಿಷ ಹೀರಿ ಉಗುಳ್ತಾನ. ಹೀರಿದ್ರ ವಿಷ ಬರಂಗಿಲ್ಲ, ಬ್ಲೇಡ್ ಹಾಕಬ್ಯಾಡ್ರಿ, ರಕ್ತ ನಿಲ್ಲಂಗ ಬಿಗದು ಕಟ್ಟಬ್ಯಾಡ್ರಿ, ಕೈಯೋ ಕಾಲೋ ಅಲ್ಲಾಡದಂಗ ಇಟ್ಟು ದವಾಖಾನಿಗಿ ತರ್ರಿ. ಅದಕ್ಕಿಂತ ಅಂಜಿಕಿದು ಏನಂದ್ರ, ಕಟ್ಟು ಹಾವು ರಾತ್ರಿ ನೆಲದ ಮ್ಯಾಲ ಮಲಗಿದವರಿಗಿ ಕಡೀತದ, ನೋವೇ ಆಗಂಗಿಲ್ಲ, ಗಾಯನೂ ಕಾಣಂಗಿಲ್ಲ. ಮುಂಜಾನಿ ಕಣ್ಣ ರೆಪ್ಪಿ ಕೆಳಗ ಬೀಳ್ತಾವ, ಮಾತು ತೊದಲ್ತದ. ಮನಿಯವರು "ಹೊಲದಾಗ ದಣದಾನ, ಮಲಗ್ಲಿ ಬಿಡ್ರಿ" ಅಂತಾರ. ನೀಲಿ ತುಟಿ ಮತ್ತ ನೊರಿ ಕಾಣೋ ತನಕ ಹಾವು ಕಡಿದದ ಅಂತ ಅವರಿಗಿ ಹೊಳಿಯಂಗಿಲ್ಲ, ಅಷ್ಟರಾಗ ಉಸಿರಿನ ಸ್ನಾಯು ನಿಲ್ಲಾಕ ಬಂದಿರ್ತಾವ.

ಹೆರಿಗಿ ಒಂದು ಹೇಳಿ ಮುಗಿಸ್ತೀನಿ, ಆಯೋಜಕರು ವಾಚ್ ತೋರ್ಸ್ಲಕತ್ತಾರ. ತೊಗರಿ ರಾಶಿ ಟೈಮು, ರಾತ್ರಿ, ಚಿಂಚೋಳಿ ಕಡಿ ತಾಂಡಾದಿಂದ ಎರಡನೇ ಹೆರಿಗಿ ಹೆಣ್ಮಗಳು. ತಾಲೂಕಾ ದವಾಖಾನಿ ಇನ್ನೂ 12 ಕಿಲೋಮೀಟರ್ ಇರೋದರಾಗ ಕೂಸಿನ ತಲಿ ಕಂಡುಬಿಡ್ತು. "ಅಣ್ಣಾ, ಬಾಜೂಕ ಹಾಕ್ರಿ" ಅಂದೆ. ಪೈಲಟ್ ಅಣ್ಣ ಗಾಡಿ ನಿಲ್ಲಿಸಿ ಹಿಂದಿನ ಬಾಗ್ಲಕ್ಕ ಬೆಡ್‌ಶೀಟ್ ಅಡ್ಡ ಹಿಡ್ದು, ತಾ ತೊಗರಿ ಹೊಲದ ಕಡಿ ಮಾರಿ ಮಾಡಿ ನಿಂತ. ಎರಡು ನಿಮಿಷಕ್ಕೊಮ್ಮಿ "ಆಯ್ತೇನ್ರಿ ಸಿಸ್ಟರ್?" ಅಂತಾನ, ಹೆಂಡ್ತಿ ಹೆರಿಗಿಗೂ ಅಷ್ಟು ಅಂಜಿದ್ದನೋ ಇಲ್ಲೋ. ಆ ಹೆಣ್ಮಗಳ ಅತ್ತಿ ಅಂತಾಳ, "ಬಿಸಿನೀರು ಬ್ಯಾಡೇನು ಬಾಯಿ? ಟಿವಿಯೊಳಗ ಕೇಳ್ತಾರಲ್ಲ?" ಬ್ಯಾಡ ಆಯಿ, ಡೆಲಿವರಿ ಕಿಟ್ ಅದ ಅಂದೆ. ಟಿವಿಯೊಳಗ ಹುಟ್ಟಿದ ಕೂಸು ಮೂರು ತಿಂಗಳದ್ದು ಇರ್ತದ, ಬೆಳ್ಳಗ, ಪೌಡರ್ ಹಚ್ಚಿಕೊಂಡೇ ಬರ್ತದ. ಈ ಕೂಸಿನ ಕೈ ಕಾಲು ನೀಲಿ, ಮೈ ಮ್ಯಾಲ ಬೆಣ್ಣಿ ಮೆತ್ತಿದಂಗ ಬಿಳಿ, ಮತ್ತ ಅದು ಅಳ್ಲಿಲ್ಲ. ಟವೆಲ್ ತಗೊಂಡು ಬೆನ್ನು ತಿಕ್ಕಿದೆ. ಅಳ್ಲಿಲ್ಲ. ಅಂಗಾಲು ತಟ್ಟಿದೆ. ಹೊರಗ ಪೈಲಟ್ ಅಣ್ಣನೂ ಕೇಳೋದು ಬಿಟ್ಟ, ತೊಗರಿ ಗಿಡದಾಗ ಹುಳದ ಸಪ್ಪಳ ಅಷ್ಟೇ. ಆಮ್ಯಾಲ ಒಂದು ಸೀನು ಬಂತು ಕೂಸಿಗಿ, ಹಿಂದೇ ಕಿರುಚ್ತು ನೋಡ್ರಿ!

ಸೀರಿಯಲ್ ಅಲ್ಲಿಗಿ ಕಟ್ ಆಗ್ತಿತ್ತು. ನಮಗ ಅಲ್ಲಿಂದ ಮುಂದ ಕೂಸಿನ್ನ ತಾಯಿ ಎದಿ ಮ್ಯಾಲ ಹಾಕಿ ಬೆಚ್ಚಗ ಹೊಚ್ಚೋದು, ಹೊಕ್ಕಳ ಹುರಿ ಎರಡು ಕಡಿ ಕ್ಲಾಂಪ್ ಹಾಕಿ ನಡುವ ಕತ್ತರ್ಸೋದು, ಕಸ ಅಂದ್ರ ಮಾಸು ಬೀಳೋ ತನಕ ರಕ್ತ ಎಷ್ಟು ಹೋಗ್ತದ ಅಂತ ಕಣ್ಣು ಮಿಟುಕಿಸ್ದೇ ನೋಡೋದು, ದವಾಖಾನಿಯೊಳಗ ಬರ್ದು ಒಪ್ಪಿಸೋದು. ಅದಾದ ಮ್ಯಾಲ ಗಾಡಿ ತೊಳಿಯೋದು. ರಾತ್ರಿ 2ಕ್ಕ ದವಾಖಾನಿ ನಳದ ಮುಂದ ಬಕೇಟ್ ಇಟ್ಕೊಂಡು, ಬ್ಲೀಚಿಂಗ್ ವಾಸನಿಗಿ ಕಣ್ಣಾಗ ನೀರು, ಒಬ್ರು ನೀರು ಹಾಕೋದು ಒಬ್ರು ತಿಕ್ಕೋದು, ಅಷ್ಟರಾಗ ಮತ್ತ ಫೋನು. ಆ ಗಾಡಿ ತೊಳಿಯೋದನ್ನ ಒಂದು ಸಲ ಟಿವಿಯೊಳಗ ನೋಡ್ಬೇಕಂತ ನನ್ನ ಆಸಿ. ನಮ್ಮ ಅತ್ತಿ ಬಾಜೂಕ ಕೂತು.

ಇಷ್ಟು ಹೇಳಿ ನಾ ಕೂತೆ. ಪ್ರಶ್ನಿ ಕೇಳ್ರಿ ಅಂದ್ರು. ಹಿಂದಿನ ಸಾಲಿನ ಒಬ್ಬ ಹಿರಿಯರು ಎದ್ದು, "ಅಕ್ಕೋರೆ, ಎಲ್ಲಾ ಖರೇ, ಆದ್ರ ಅಡ್ರೆಸ್ ಹೇಳ್ಲಾಕ ಬರಂಗಿಲ್ಲ ಅಂದ್ರಲ್ಲ, ಅಷ್ಟು ದಡ್ಡರೇನ್ರಿ ನಾವು?" ಅಂದ್ರು. ಎಲ್ಲಾರು ನಕ್ರು. ನಾ ಅಂದೆ, ಹಂಗಾದ್ರ ಈಗ ಈ ಹಾಲ್‌ನಾಗೇ ನಾ ಬಿದ್ದೀನಿ ಅಂತ ತಿಳೀರಿ, ನೀವು ಫೋನ್ ಹಚ್ಚೀರಿ, ಆ ಕಡಿ ಇರಾಕಿ ಕಲಬುರಗಿ ನೋಡೇ ಇಲ್ಲ, ಹೇಳ್ರಿ ಎಲ್ಲಿ ಬರ್ಬೇಕು. ಅವರು "ಸೂಪರ್ ಮಾರ್ಕೆಟ್" ಅಂದ್ರು. ಸೂಪರ್ ಮಾರ್ಕೆಟ್‌ನಾಗ ಎಲ್ಲಿ? "ಜಗತ್ ಸರ್ಕಲ್ಲಿಂದ ಬಂದ್ರ ಎಡಕ್ಕ" ಅಂದ್ರು. ಬಾಜೂಕಿನವರು "ಬಲಕ್ಕ ಅಲ್ರಿ?" ಅಂದ್ರು. ಒಬ್ಬ ಹುಡುಗಿ ಚಪ್ಪಲ್ ಅಂಗಡಿ ಹಿಂದ ಅಂದ್ಳು, ಇನ್ನೊಬ್ರು ಆ ಅಂಗಡಿ ಬಂದಾಗಿ ಎರಡು ವರ್ಷ ಆಯ್ತು ಅಂದ್ರು, ಹಿರಿಯರು ಹಳೇ ಹೆಸರು ಹೇಳಿದ್ರು, ಹುಡುಗರಿಗಿ ಆ ಹೆಸರು ಗೊತ್ತಿಲ್ಲ. ಹಾಲಿನ ಹೆಸರು ಏನು ಅಂತ ಕೇಳ್ದೆ, ಆಯೋಜಕರೇ ಬ್ಯಾನರ್ ಕಡಿ ತಿರುಗಿ ನೋಡಿದ್ರು. ಗೇಟ್ ಮುಂದಿಂದೋ ಹಿಂದಿಂದೋ ಅನ್ನೋದು ಇನ್ನೂ ಮುಗಿದಿರಲಿಲ್ಲ, ಕೊನೀ ಕುರ್ಚಿಯೊಳಗ ಕೂತಿದ್ದ ನನ್ನ ಹಳೇ ಪೈಲಟ್ ಅಣ್ಣ ಕೈಯಾಗಿನ ವಾಚ್ ನೋಡ್ಕೋತ ಕೂಗಿದ, "ಸಿಸ್ಟರ್, ನಾಲ್ಕು ನಿಮಿಷ ಆಯ್ತ್ರಿ, ಗಾಡಿ ಇನ್ನೂ ಸ್ಟ್ಯಾಂಡಿನ್ಯಾಗೇ ಅದ."